ಪಿತೃಭೂಮಿಯ ಹಂಬಲ: ಬೆನೆ ಇಸ್ರೇಲ್ ಜನರ ಮರುವಲಸೆ

ಮುಂಬಯಿಯ ಮಸ್ಜಿದ್ ಬಂದರಿನ ಬಳಿ ‘ಶಾರ್ ಹರಹಮಿಮ್’, ಎಂದರೆ ‘ಕರುಣೆಯ ಬಾಗಿಲು’, ಎಂಬ ಯೆಹೂದಿ ಪ್ರಾರ್ಥನಾಮಂದಿರವೊಂದುಂಟು. 1796ರಲ್ಲಿ ಇದನ್ನು ಸ್ಥಾಪಿಸಿದ ಸ್ಯಾಮ್ಯುಯೆಲ್ ದಿವೇಕರನಿಗೂ ಕನ್ನಡನಾಡಿಗೂ ಒಂದು ಸಂಬಂಧವಿದೆ. ಕಂಪನಿಯ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಈತ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕಿದನು. ಇವರು ಕುರಾನಿನಲ್ಲಿ ಹೆಸರಿಸಲ್ಪಟ್ಟ ‘ಇಸ್ರೇಲಿನ ಮಕ್ಕಳು’ ಎಂದು ತಿಳಿದು ರಾಜಮಾತೆಯು ಪ್ರಾಣಭಿಕ್ಷೆ ಕೊಡಿಸಿದಳೆಂದು ಆ ಸಮಾಜದ ಐತಿಹ್ಯ. ಬದುಕಿ ಬಂದುದರ ಕೃತಜ್ಞತೆಯೇ ಮಂದಿರವಾಯಿತು.

ಬೆನೆ ಇಸ್ರೇಲರ ಮೂಲದ ಕಥೆ ಕೊಂಕಣದ ಕರಾವಳಿಯದು. ಅಲಿಬಾಗದ ಬಳಿಯ ನವಗಾಂವ್ ತೀರದಲ್ಲಿ ಹಡಗೊಡೆದು, ಏಳು ಗಂಡಸರೂ ಏಳು ಹೆಂಗಸರೂ ಮಾತ್ರ ಉಳಿದರಂತೆ. ಧರ್ಮಗ್ರಂಥಗಳು ಕಡಲುಪಾಲಾದವು, ಹೀಬ್ರೂ ಭಾಷೆ ಮರೆತುಹೋಯಿತು. ಆದರೂ ಎಂಟನೆಯ ದಿನದ ಸುನ್ನತಿ, ‘ಶೆಮಾ’ ಎಂಬ ಏಕದೇವಸ್ತುತಿ, ಶನಿವಾರದ ವಿಶ್ರಾಂತಿ ಇವು ಉಳಿದುವು. ಎಣ್ಣೆಯ ಗಾಣವೇ ಇವರ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಇವರನ್ನು ‘ಶನಿವಾರ್ ತೇಲಿ’ ಎಂದು ಕರೆದರು. ಊರಿನ ಹೆಸರಿಗೆ ‘ಕರ’ ಸೇರಿಸಿ ದಿವೇಕರ, ಪೇಣಕರ, ಕೆಹಿಮಕರ ಎಂಬ ಅಡ್ಡಹೆಸರುಗಳನ್ನು ಇವರೂ ಇಟ್ಟುಕೊಂಡರು.

ಧರ್ಮಜ್ಞಾನವು ಕ್ರಮೇಣ ಮರಳಿತು. ಕೊಚ್ಚಿಯ ಯೆಹೂದ್ಯರು ಉಪಾಧ್ಯಾಯರಾಗಿ ಬಂದರು. 1829ರಲ್ಲಿ ಮುಂಬಯಿಗೆ ಬಂದ ಪಾದ್ರಿ ಜಾನ್ ವಿಲ್ಸನ್ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನು ರಚಿಸಿದನು. ಮತಾಂತರದ ಉದ್ದೇಶದಿಂದ ಹೇಳಿಕೊಟ್ಟ ಪಾಠವು ಸ್ವಧರ್ಮದ ಅಭಿಮಾನವನ್ನು ಬಲಪಡಿಸಿತೆಂಬುದು ಚರಿತ್ರೆಯ ಚೋದ್ಯ. 1874ರಲ್ಲಿ ಪುಣೆಯಲ್ಲಿ ಅಚ್ಚಾದ ಪಸ್ಖ ಹಬ್ಬದ ಪುಸ್ತಕದಲ್ಲಿ ಸೀರೆಯುಟ್ಟ ಸ್ತ್ರೀಯರು ಹುಳಿಯಿಲ್ಲದ ರೊಟ್ಟಿ ಮಾಡುವ ಚಿತ್ರವಿದೆ. ಮುಂದಿನ ವರ್ಷದ ಹಬ್ಬ ಜೆರೂಸಲೇಮಿನಲ್ಲಾಗಲಿ ಎಂಬ ಹಾರೈಕೆ ಹೀಗೆ ಇವರ ಮನೆಮನೆಯ ಮಾತಾಯಿತು.

1948ರಲ್ಲಿ ಇಸ್ರೇಲ್ ರಾಷ್ಟ್ರವು ಉದಯಿಸಿತು. 1950ರ ಕಾಯಿದೆಯು ಸಕಲ ಯೆಹೂದ್ಯರಿಗೂ ಅಲ್ಲಿ ನೆಲಸುವ ಹಕ್ಕನ್ನಿತ್ತಿತು. ಇತರ ದೇಶಗಳ ಯೆಹೂದ್ಯರನೇಕರು ಹಿಂಸೆಗೆ ಬೆದರಿ ಓಡಿದವರು. ಭಾರತದಲ್ಲಿ ಅಂಥ ದ್ವೇಷವಿರಲಿಲ್ಲ. ಉದ್ಯೋಗದ ಆಸೆ, ಬಂಧುಗಳ ಕರೆ ಇವೂ ಕಾರಣಗಳಾಗಿದ್ದುವು, ನಿಜ. ಆದರೆ ಮಕ್ಕಳುಮರಿಗಳೊಡನೆ ಹೊರಟ ಅನೇಕರನ್ನು ಸೆಳೆದುದು ಪುಣ್ಯಭೂಮಿಯ ಹಂಬಲವೇ ಸರಿ.

ಅಲ್ಲಿ ಕಾದಿದ್ದುದು ಬೇರ್ಷೆಬಾದಂಥ ಮರುಭೂಮಿಯ ಊರುಗಳು, ಕೂಲಿಯ ಕೆಲಸ, ಬಣ್ಣದ ತಾರತಮ್ಯ. 1951–52ರಲ್ಲಿ ಕೆಲವರು ಧರಣಿ ಹೂಡಿ, ತಮ್ಮನ್ನು ಭಾರತಕ್ಕೆ ಕಳುಹಿಸಿರೆಂದು ಬೇಡಿ ಮರಳಿದರು. ಹಾಗೆ ಮರಳಿದವರಲ್ಲಿ ಹಲವರು ಪುನಃ ಇಸ್ರೇಲಿಗೇ ಹೋದರೆಂಬುದು ಗಮನಾರ್ಹ.

ಇದಕ್ಕಿಂತ ಆಳವಾದ ಗಾಯವು ಧರ್ಮದ ಕಡೆಯಿಂದಲೇ ಬಂದಿತು. ಶತಮಾನಗಳ ಕಾಲ ವಿವಾಹ, ವಿಚ್ಛೇದನಗಳ ಶಾಸ್ತ್ರವಿಧಿಯನ್ನು ಅರಿಯದೆ ಬಾಳಿದವರ ಕುಲ ಶುದ್ಧವೇ ಎಂಬ ಸಂಶಯವು ಧರ್ಮಗುರುಗಳಲ್ಲಿತ್ತು. ಇವರೊಡನೆ ವಿವಾಹಸಂಬಂಧವು ಸಮ್ಮತವೆಂದು 1961ರಲ್ಲಿ ತೀರ್ಮಾನವಾದರೂ, 1962ರಲ್ಲಿ ಪ್ರಧಾನ ಧರ್ಮಗುರು ಯಿತ್ಸಾಕ್ ನಿಸ್ಸೀಮರು ವಧೂವರರ ತಾಯಿ, ಅಜ್ಜಿಯರ ಮೂಲವನ್ನು ಶೋಧಿಸಬೇಕೆಂದು ವಿಧಿಸಿದರು. ಕೊಂಕಣದ ಹಿಂದೂ ಮುಸಲ್ಮಾನರು ಸಂಶಯಿಸದಿದ್ದ ಯೆಹೂದ್ಯತ್ವವನ್ನು ಸ್ವಧರ್ಮೀಯರೇ ಪರೀಕ್ಷೆಗೊಡ್ಡಿದರು! ಸಮಾಜವು ಪ್ರತಿಭಟಿಸಿತು, 1964ರಲ್ಲಿ ಕುಟುಂಬಗಳು ಜೆರೂಸಲೇಮಿನಲ್ಲಿ ಧರಣಿ ಕುಳಿತವು. ಇವರು ಸರ್ವವಿಧದಲ್ಲಿಯೂ ಯೆಹೂದ್ಯರೆಂದು ಆ ಆಗಸ್ಟಿನಲ್ಲಿ ಸಂಸತ್ತು ಸಾರಿತು. ನಿಯಮದಿಂದ ಬೆನೆ ಇಸ್ರೇಲರ ಹೆಸರು ತೆಗೆಯಲ್ಪಟ್ಟಿತು.

ಇಂದು ಈ ಸಮಾಜದ ಬಹುಪಾಲು ಇಸ್ರೇಲಿನಲ್ಲಿದೆ. ಭಾರತದಲ್ಲಿ ಉಳಿದ ಒಟ್ಟು ಯೆಹೂದ್ಯರೇ ಕೆಲವು ಸಾವಿರ. ಅಲ್ಲಿಯೂ ಇವರು ಅವಲಕ್ಕಿಯ ‘ಮಲಿದಾ’ ಅರ್ಪಿಸಿ ಪ್ರವಾದಿ ಎಲೀಯನನ್ನು ಸ್ಮರಿಸುತ್ತಾರೆ. ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನೂ ಹೊರತಂದರು. ಕೊಂಕಣದಲ್ಲಿ ‘ಇಸ್ರೇಲರು’ ಎನಿಸಿದ್ದವರು ಇಸ್ರೇಲಿನಲ್ಲಿ ಭಾರತೀಯರೆನಿಸಿದರು. ಹಿರಿಯರ ನೆಲಕ್ಕೆ ಮರಳುವವನು ತಾನು ಹುಟ್ಟಿದ ನೆಲವನ್ನೂ ಹೊತ್ತೇ ಹೋಗುತ್ತಾನೆ. ತಾಯಿನಾಡಿನಿಂದ ದೂರ ನೆಲಸಿ, ಮಕ್ಕಳ ಬಾಯಲ್ಲಿ ನುಡಿಯನ್ನು ಉಳಿಸಲು ಹೆಣಗುವ ನಾವು ಈ ಚರಿತ್ರೆಯನ್ನು ಪರರದೆಂದು ಓದುವಂತಿಲ್ಲ.