ಸಮಾಜ ಸೇವೆಯೇ ವೃತ್ತಿಯಾದರೆ? ಓದು ಏನು, ಕೆಲಸ ಎಲ್ಲಿ? ಇಲ್ಲಿದೆ ಮಾಹಿತಿ

ಚುನಾವಣೆ ಬಂದಾಗ ಅಭ್ಯರ್ಥಿಗಳ ಪ್ರಮಾಣಪತ್ರ ತೆರೆದು ನೋಡಿ. ವೃತ್ತಿ ಎಂಬ ಕಡೆ ಹಲವರು ಬರೆಯುವುದು ‘ಸಮಾಜ ಸೇವೆ’ ಎಂದೇ. ಆದರೆ ಇದೇ ಹೆಸರಿನಲ್ಲಿ ಪದವಿ, ತರಬೇತಿ, ಸಂಬಳ ಇರುವ ಉದ್ಯೋಗವೂ ಇದೆ. ಅದೇ ಸಮಾಜ ಕಾರ್ಯ.

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ದಿಂಡೋರಿಯನ್ನೇ ನೋಡಿ. ಇದು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಲೋಕಸಭಾ ಕ್ಷೇತ್ರ. 2019ರಲ್ಲಿ ಇಲ್ಲಿ ಗೆದ್ದ ಭಾರತಿ ಪವಾರ್ ವೈದ್ಯೆ, 2024ರಲ್ಲಿ ಗೆದ್ದ ಭಾಸ್ಕರ್ ಭಗರೆ ಶಿಕ್ಷಕರು. ಒಂದೆಡೆ ದ್ರಾಕ್ಷಿ ತೋಟ, ಲಾಸಲ್‌ಗಾಂವ್ ಈರುಳ್ಳಿ ಮಾರುಕಟ್ಟೆ, ಇನ್ನೊಂದೆಡೆ ಆದಿವಾಸಿ ಹಳ್ಳಿಗಳು. ಇಂಥ ಕಡೆ ಶಾಲೆ ಬಿಟ್ಟ ಮಗುವನ್ನು ಮತ್ತೆ ಶಾಲೆಗೆ ಸೇರಿಸಲು, ಅರ್ಹರಿಗೆ ಯೋಜನೆ ತಲುಪಿಸಲು ಒಳ್ಳೆಯ ಮನಸ್ಸಷ್ಟೇ ಸಾಲದು. ಕಾನೂನು ಗೊತ್ತಿರಬೇಕು, ಜನರ ಮಾತು ಕೇಳುವ ತಾಳ್ಮೆಯೂ ಬೇಕು.

ಏನು ಓದಬೇಕು?

ಪಿಯುಸಿ ನಂತರ ಬಿಎಸ್‌ಡಬ್ಲ್ಯು, ಪದವಿ ನಂತರ ಎರಡು ವರ್ಷದ ಎಂಎಸ್‌ಡಬ್ಲ್ಯು ಮಾಡಬಹುದು. ಪಾಠದಷ್ಟೇ ಮುಖ್ಯವಾದದ್ದು ಕ್ಷೇತ್ರ ಕಾರ್ಯ. ವಿದ್ಯಾರ್ಥಿಗಳು ಆಸ್ಪತ್ರೆ, ಕೊಳೆಗೇರಿ, ಹಳ್ಳಿಗಳಲ್ಲಿ ಕೆಲಸ ಮಾಡಿ ವರದಿ ಬರೆಯಬೇಕು.

ಎಲ್ಲಿ ಓದಬಹುದು?

ದೇಶದಲ್ಲಿ ಈ ಶಿಕ್ಷಣ ಶುರುವಾಗಿದ್ದು 1936ರಲ್ಲಿ, ಮುಂಬೈನಲ್ಲಿ. ಆ ಸಂಸ್ಥೆಯೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್). ಕನ್ನಡಿಗರಿಗೂ ಚಿರಪರಿಚಿತವಾದ ತುಳಜಾಪುರದಲ್ಲಿ ಅದರ ಗ್ರಾಮೀಣ ಕ್ಯಾಂಪಸ್ ಇದೆ. ಕರ್ನಾಟಕದಲ್ಲಿ 1960ರಲ್ಲಿ ಆರಂಭವಾದ ಮಂಗಳೂರಿನ ರೋಶನಿ ನಿಲಯ ಹೆಸರುವಾಸಿ. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲೂ ಎಂಎಸ್‌ಡಬ್ಲ್ಯು ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕ್ಕೇ ಪ್ರತ್ಯೇಕ ವಿಭಾಗವಿದೆ.

ಕೆಲಸ ಎಲ್ಲಿ ಸಿಗುತ್ತದೆ?

* ಆಸ್ಪತ್ರೆ: ರೋಗಿ ಮತ್ತು ಕುಟುಂಬಕ್ಕೆ ಆಪ್ತ ಸಮಾಲೋಚನೆ, ಚಿಕಿತ್ಸೆಗೆ ನೆರವು ಹುಡುಕುವುದು.
* ಮಕ್ಕಳ ರಕ್ಷಣೆ: ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಲ್ಲಿ ಹುದ್ದೆಗಳಿವೆ. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಾಮಾಜಿಕ ಕಾರ್ಯಕರ್ತರು ಇರಬೇಕು. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು.
* ಕಾರ್ಖಾನೆ: 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣ ಅಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು.
* ಕಂಪನಿಗಳ ಸಿಎಸ್‌ಆರ್: 2013ರ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯೋಜನೆ ರೂಪಿಸಿ ನಡೆಸಲು ತರಬೇತಿ ಪಡೆದವರು ಬೇಕು.

ಸೇರುವ ಮುನ್ನ ಇದು ಗೊತ್ತಿರಲಿ

ಸರ್ಕಾರಿ ಯೋಜನೆಗಳ ಹಲವು ಹುದ್ದೆಗಳು ಗುತ್ತಿಗೆ ಆಧಾರದವು. ಯೋಜನೆ ಅಥವಾ ದೇಣಿಗೆ ನಿಂತರೆ ಕೆಲಸವೂ ನಿಲ್ಲಬಹುದು. ವಕೀಲರಿಗಿರುವಂಥ ನೋಂದಣಿ ಪರಿಷತ್ತು ಈ ವೃತ್ತಿಗೆ ಪೂರ್ಣವಾಗಿ ಇಲ್ಲ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಮಾತ್ರ 2021ರ ಕಾಯ್ದೆಯೊಂದು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿದೆ. ಹೀಗಾಗಿ ಪ್ರವೇಶಕ್ಕೆ ಮೊದಲು ಕಾಲೇಜಿನ ಮಾನ್ಯತೆ, ಕ್ಷೇತ್ರ ಕಾರ್ಯದ ವ್ಯವಸ್ಥೆ ವಿಚಾರಿಸಿ. ಸಾಧ್ಯವಾದರೆ ಹತ್ತಿರದ ಸಂಸ್ಥೆಯೊಂದರಲ್ಲಿ ಒಂದು ತಿಂಗಳು ಸ್ವಯಂಸೇವಕರಾಗಿ ದುಡಿದು ನೋಡಿ. ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.