ಫ್ರಾನ್ಸಿನ ಅಧ್ಯಕ್ಷನೂ ಪ್ರತಿನಿಧಿ ಸಭೆಯೂ: ೧೮೭೭ರ ವಿವಾದ

ರಾಜ್ಯಾಂಗ ಶಾಸನದಲ್ಲಿ ಬರೆದಿಟ್ಟ ಅಧಿಕಾರವು ಒಂದಕ್ಷರವೂ ತಿದ್ದುಪಡಿಯಾಗದೆಯೇ ನಿರ್ಜೀವವಾಗಬಹುದೆಂಬುದಕ್ಕೆ ಫ್ರಾನ್ಸಿನ ತೃತೀಯ ಗಣರಾಜ್ಯದ ಚರಿತ್ರೆಯು ಸ್ಪಷ್ಟವಾದ ನಿದರ್ಶನವಾಗಿದೆ. ೧೮೭೫ರ ಶಾಸನಗಳ ಪ್ರಕಾರ ಅಧ್ಯಕ್ಷನು ಉಭಯ ಸಭೆಗಳಿಂದ ಏಳು ವರ್ಷಗಳ ಅವಧಿಗೆ ಚುನಾಯಿತನಾಗತಕ್ಕವನು. ಸೆನೆಟ್ ಸಭೆಯ ಸಮ್ಮತಿಯನ್ನು ಪಡೆದು ಪ್ರತಿನಿಧಿ ಸಭೆಯನ್ನು ಅವಧಿಗೆ ಮುನ್ನವೇ ವಿಸರ್ಜಿಸುವ ಅಧಿಕಾರವು ಆತನಿಗಿದ್ದಿತು. ಮಂತ್ರಿಗಳು ಸಭೆಗಳಿಗೆ ಹೊಣೆಗಾರರೆಂದೂ ಅದೇ ಶಾಸನವು ವಿಧಿಸಿತ್ತು. ಅಧ್ಯಕ್ಷನ ಇಷ್ಟಕ್ಕೂ ಸಭೆಯ ಇಷ್ಟಕ್ಕೂ ವಿರೋಧವೊದಗಿದಲ್ಲಿ ಯಾವುದು ನಿಲ್ಲತಕ್ಕದ್ದೆಂಬುದು ಮಾತ್ರ ಅದರಲ್ಲಿ ನಿರ್ಣಯವಾಗಿರಲಿಲ್ಲ.

ಆಗ ಅಧ್ಯಕ್ಷನಾಗಿದ್ದ ಮಾರ್ಷಲ್ ಮಕ್‌ಮಹೊನನು ರಾಜಪಕ್ಷದ ಒಲವುಳ್ಳ ಸೇನಾನಿ. ೧೮೭೬ರ ಚುನಾವಣೆಯಲ್ಲಿ ಪ್ರತಿನಿಧಿ ಸಭೆಯು ಗಣರಾಜ್ಯವಾದಿಗಳ ವಶವಾಯಿತು. ೧೮೭೭ರ ಮೇ ೧೬ರಂದು ಆತನು ಪ್ರಧಾನಮಂತ್ರಿ ಜೂಲ್ ಸಿಮೊನನನ್ನು ಆಕ್ಷೇಪಿಸಿ ಪತ್ರವನ್ನು ಬರೆಯಲು, ಸಿಮೊನನು ರಾಜೀನಾಮೆ ಕೊಟ್ಟನು. ತನಗೆ ಸಭೆಯ ಮುಂದೆ ಹೊಣೆಯಿಲ್ಲದಿದ್ದರೂ ಫ್ರಾನ್ಸ್ ದೇಶದ ಮುಂದೆ ಹೊಣೆಯುಂಟೆಂಬುದೇ ಅಧ್ಯಕ್ಷನ ವಾದದ ತಿರುಳು. ಆತನು ಡ್ಯೂಕ್ ದ ಬ್ರೊಯ್ಲಿಯನ್ನು ಮಂತ್ರಿಪದಕ್ಕೆ ಕರೆದನು. ೩೬೩ ಮಂದಿ ಪ್ರತಿನಿಧಿಗಳು ಈ ಮಂತ್ರಿಮಂಡಲವನ್ನು ವಿರೋಧಿಸಿದರು. ಸೆನೆಟ್ ಸಮ್ಮತಿಸಿದುದರಿಂದ ಜೂನ್ ತಿಂಗಳಿನಲ್ಲಿ ಸಭೆಯು ವಿಸರ್ಜಿತವಾಯಿತು.

ಜನತೆಯು ತೀರ್ಪಿತ್ತ ಮೇಲೆ ಅಧ್ಯಕ್ಷನು ಒಂದೋ ಅದಕ್ಕೆ ತಲೆಬಾಗಬೇಕು, ಇಲ್ಲವೆ ಪದವಿಯನ್ನು ತ್ಯಜಿಸಬೇಕೆಂದು ಗಾಂಬೆತ್ತನು ಲೀಲ್ ನಗರದಲ್ಲಿ ಸಾರಿದನು. ಅಧಿಕಾರಿಗಳ ಒತ್ತಾಯವೆಷ್ಟಿದ್ದರೂ ಅಕ್ಟೋಬರ್ ಚುನಾವಣೆಯಲ್ಲಿ ಗಣರಾಜ್ಯವಾದಿಗಳು, ಕೆಲವು ಸ್ಥಾನಗಳನ್ನು ಕಳೆದುಕೊಂಡರೂ, ಬಹುಮತದಿಂದಲೇ ಮರಳಿದರು. ಡಿಸೆಂಬರಿನಲ್ಲಿ ಅಧ್ಯಕ್ಷನು ಸಭೆಗೆ ಮಣಿದನು. ೧೮೭೯ರ ಜನವರಿ ೩೦ರಂದು ರಾಜೀನಾಮೆಯನ್ನೂ ಕೊಟ್ಟನು. ಆತನ ಬಳಿಕ ಬಂದ ಜೂಲ್ ಗ್ರೇವಿಯು, ರಾಷ್ಟ್ರದ ಇಚ್ಛೆಗೆದುರಾಗಿ ತಾನೆಂದೂ ಹೋರಾಡುವುದಿಲ್ಲವೆಂದು ಸಭೆಗಳಿಗೆ ತಿಳಿಸಿದನು.

ವಿಸರ್ಜನಾಧಿಕಾರವು ಶಾಸನದಲ್ಲಿ ಉಳಿದೇ ಇದ್ದಿತು. ಆದರೆ ೧೯೪೦ರವರೆಗೆ ಯಾವ ಅಧ್ಯಕ್ಷನೂ ಅದನ್ನು ಪ್ರಯೋಗಿಸಲಿಲ್ಲ. ೧೯೨೪ರಲ್ಲಿ ಚುನಾವಣೆಯ ಕಾಲದಲ್ಲಿ ಒಂದು ಪಕ್ಷವನ್ನು ವಹಿಸಿದ್ದ ಅಧ್ಯಕ್ಷ ಮಿಲ್ಲೆರಾನನು, ಹೊಸ ಬಹುಮತದವರು ಆತನ ಕೈಕೆಳಗೆ ಮಂತ್ರಿಗಳಾಗಲು ಒಪ್ಪದಿದ್ದುದರಿಂದ ಪದವಿಯನ್ನು ಬಿಡಬೇಕಾಯಿತು.

ಇದನ್ನು ಪ್ರಜಾಪ್ರಭುತ್ವದ ವಿಜಯವೆಂದು ಮಾತ್ರ ಬಗೆದರೆ ಅರ್ಧವನ್ನಷ್ಟೇ ಕಂಡಂತಾಗುವುದು. ಮತದಾರರ ಮುಂದೆ ಮರಳಿ ನಿಲ್ಲಬೇಕಾದೀತೆಂಬ ಭಯವಿಲ್ಲದ ಸಭೆಯು ಮಂತ್ರಿಮಂಡಲಗಳನ್ನು ಸುಲಭವಾಗಿ ಉರುಳಿಸತೊಡಗಿತು. ಅವುಗಳಲ್ಲಿ ಅನೇಕವು ಒಂದು ವರ್ಷವನ್ನೂ ಕಾಣಲಿಲ್ಲ. ಅತಿಕ್ರಮವನ್ನು ತಡೆದ ರೂಢಿಯೇ ಅಸ್ಥಿರತೆಗೂ ಎಡೆಗೊಟ್ಟಿತು.

೧೯೫೮ರ ರಾಜ್ಯಾಂಗವು ವಿಸರ್ಜನಾಧಿಕಾರವನ್ನು ಸೆನೆಟಿನ ಸಮ್ಮತಿಯ ಕಟ್ಟಿಲ್ಲದೆ ಅಧ್ಯಕ್ಷನಿಗಿತ್ತಿತು. ೧೯೬೨ರಲ್ಲಿ ಸಭೆಯು ಪೊಂಪಿದೂವಿನ ಮಂತ್ರಿಮಂಡಲವನ್ನು ಖಂಡಿಸಲು, ದ ಗೋಲನು ಸಭೆಯನ್ನು ವಿಸರ್ಜಿಸಿದನು. ಚುನಾವಣೆಯು ಆತನಿಗೆ ಅನುಕೂಲವಾಯಿತು. ಮಕ್‌ಮಹೊನನ ಸೋಲಿನಿಂದ ಅಳಿದ ಅಧಿಕಾರವು ದ ಗೋಲನ ಗೆಲವಿನಿಂದ ಬೇರೂರಿತು. ಎರಡು ಸಂದರ್ಭಗಳಲ್ಲಿಯೂ ಅಧ್ಯಕ್ಷನ ಮತ್ತು ಸಭೆಯ ಬಲಾಬಲವನ್ನು ತೂಗಿದವರು ಮತದಾರರೇ. ಆ ತೂಕವೇ ಮುಂದಿನವರಿಗೆ ರೂಢಿಯಾಯಿತು.