ಭೇದಿಯ ವಿಷ ಔಷಧಿಗೆ ದಾರಿಯಾದ ಬಗೆ

2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದ ಜನ ವಾಂತಿ-ಭೇದಿಯಿಂದ ಸತ್ತರು. ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಮಗುವೊಂದು ತೀರಿಕೊಂಡಿತು. ಯರಗೇರಾ, ಮಾನ್ವಿ ಕಡೆಯವರಿಗೂ ಈ ಭಯ ಹೊಸದಲ್ಲ. ಕೆಟ್ಟ ನೀರಿನಲ್ಲಿ ಬರುವ ಕೆಲವು ರೋಗಾಣುಗಳು ಕರುಳನ್ನು ಕೊರೆಯುವುದೇ ಇಲ್ಲ. ವಿಷ ಬಿಟ್ಟು, ಕರುಳೇ ಮೈಯ ನೀರನ್ನು ಹೊರಚೆಲ್ಲುವಂತೆ ಮಾಡುತ್ತವೆ. ಇಂಥ ವಿಷಗಳು ದಶಕಗಳಿಂದ ವಿಜ್ಞಾನಿಗಳ ಕೈಯಲ್ಲಿ ಉಪಕರಣಗಳೂ ಆಗಿವೆ. ಆ ಚರಿತ್ರೆಯಲ್ಲಿ ಬೆಂಗಳೂರಿಗೂ ಒಳ್ಳೆಯ ಪಾಲಿದೆ. ಕನ್ನಡದಲ್ಲಿ ಅದರ ಮಾತು ಕಡಿಮೆ.

ಮೊದಲ ದೊಡ್ಡ ಹೆಜ್ಜೆ ಕಲ್ಕತ್ತೆಯದು. ಅಲ್ಲಿನ ವಿಜ್ಞಾನಿ ಶಂಭುನಾಥ್ ಡೇ ಮೊಲದ ಸಣ್ಣಕರುಳಿನ ಒಂದು ಭಾಗವನ್ನು ಎರಡೂ ತುದಿಗೆ ದಾರದಿಂದ ಕಟ್ಟಿ, ಕಾಲರಾ ರೋಗಾಣು ಬೆಳೆದ ದ್ರವವನ್ನು ಅದರೊಳಕ್ಕೆ ಚುಚ್ಚಿದರು. ರೋಗಾಣುಗಳನ್ನೆಲ್ಲ ಸೋಸಿ ತೆಗೆದಿದ್ದರೂ ಆ ಭಾಗ ನೀರು ತುಂಬಿ ಊದಿಕೊಂಡಿತು. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಈ ಪ್ರಯೋಗಕ್ಕೆ ಸಿಗಬೇಕಾದ ಗೌರವ ಡೇ ಬದುಕಿದ್ದಾಗ ಸಿಗಲಿಲ್ಲ ಎಂದೇ ನನ್ನ ಭಾವನೆ.

ಕಾಲರಾ ವಿಷ, ಹೊರಗಿನ ಸಂಕೇತವನ್ನು ಕೋಶದೊಳಕ್ಕೆ ದಾಟಿಸುವ ಜಿ-ಪ್ರೋಟೀನನ್ನು ಆನ್ ಆದ ಸ್ವಿಚ್ಚಿನಂತೆ ಹಾಗೇ ಅಂಟಿಸಿಬಿಡುತ್ತದೆ ಎಂಬುದು ಮುಂದೆ ಗೊತ್ತಾಯಿತು. ಈ ಪ್ರೋಟೀನುಗಳ ಶೋಧಕ್ಕೆ 1994ರಲ್ಲಿ ನೊಬೆಲ್ ಬಂತು. ಅವುಗಳನ್ನು ಗುರುತು ಹಚ್ಚಲು ನೆರವಾದದ್ದು ಇದೇ ವಿಷ. ಹೊಸ ಔಷಧಿ ಯಾವ ಜಿ-ಪ್ರೋಟೀನಿನ ಮೂಲಕ ಕೆಲಸ ಮಾಡುತ್ತದೆ ಎಂದು ನೋಡಲು ಜಿ-ಪ್ರೋಟೀನನ್ನೇ ತಾಗುವ ಇನ್ನೊಂದು ವಿಷವನ್ನು, ನಾಯಿಕೆಮ್ಮಿನ ರೋಗಾಣುವಿನದನ್ನು, ಇಂದಿಗೂ ಬಳಸುತ್ತಾರೆ.

ಬೆಂಗಳೂರಿನ ಕತೆ, ಭೇದಿ ತರುವ ಇ. ಕೋಲಿ ರೋಗಾಣುವಿನ ‘ಎಸ್‌ಟಿ’ ಎಂಬ ಪುಟ್ಟ ವಿಷದ್ದು. ಇಪ್ಪತ್ತಕ್ಕಿಂತ ಕಡಿಮೆ ಅಮೈನೋ ಆಮ್ಲಗಳಿರುವ ಇದು ಕುದಿಸಿದರೂ ಕೆಡದು. ಹಿಂದೆಲ್ಲ ಇದರ ಪರೀಕ್ಷೆ ಹಾಲು ಕುಡಿಯುವ ಇಲಿಮರಿಗಳ ಮೇಲೆ ನಡೆಯುತ್ತಿತ್ತು: ಮರಿಗೆ ವಿಷ ಕೊಟ್ಟು, ಕೆಲ ಗಂಟೆಗಳ ನಂತರ ಕರುಳನ್ನೂ ಉಳಿದ ದೇಹವನ್ನೂ ಬೇರೆಬೇರೆ ತೂಗಿ ನೋಡುವುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಅವರ ತಂಡ ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕರುಳಿನ ಕೋಶಗಳಲ್ಲಿ ಈ ವಿಷ ಅಂಟುವ ಗ್ರಾಹಕವನ್ನು, ಅಂದರೆ ಗ್ವಾನಿಲಿಲ್ ಸೈಕ್ಲೇಸ್-ಸಿಯನ್ನು, ವರ್ಷಗಟ್ಟಲೆ ಅಭ್ಯಾಸ ಮಾಡಿತು. ನಾರ್ವೆಯ ಒಂದೇ ವಂಶದ 32 ಮಂದಿಗೆ ಎಳವೆಯಿಂದಲೇ ಭೇದಿ ಕಾಡುತ್ತಿದ್ದುದರ ಗುಟ್ಟನ್ನು 2012ರಲ್ಲಿ ಬಿಡಿಸಿದವರಲ್ಲಿ ಈ ತಂಡವೂ ಇತ್ತು. ಆ ಜನರ ಗ್ರಾಹಕದಲ್ಲಿ ಒಂದು ಬದಲಾವಣೆಯಿತ್ತು. ಮೈಯ ಸ್ವಂತ ಹಾರ್ಮೋನು ತಾಗಿದರೂ ಅದು ಅತಿಯಾಗಿ ಕೆರಳುತ್ತಿತ್ತು.

ಅದೇ ವರ್ಷ ಅಮೆರಿಕದಲ್ಲಿ ಲಿನಾಕ್ಲೊಟೈಡ್ ಎಂಬ ಔಷಧಿಗೆ ಅನುಮತಿ ಸಿಕ್ಕಿತು. ಎಸ್‌ಟಿಯ ಮಾದರಿಯಲ್ಲೇ ಕಟ್ಟಿದ, ಅದೇ ಗ್ರಾಹಕವನ್ನು ಕೆರಳಿಸುವ, 14 ಅಮೈನೋ ಆಮ್ಲಗಳ ಈ ಕ್ಯಾಪ್ಸೂಲ್ ಹಳೆಯ ಮಲಬದ್ಧತೆಗೆ. ಒಳ್ಳೆಯ ಔಷಧಿಯೇ, ಅನುಮಾನವಿಲ್ಲ. ಆದರೆ ಎಸ್‌ಟಿ ತರುವ ಭೇದಿಯನ್ನು ನೇರವಾಗಿ ತಡೆಯುವ ಔಷಧಿಯಾಗಲಿ ಲಸಿಕೆಯಾಗಲಿ ಇನ್ನೂ ಬಂದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ವಿಷದಿಂದ ಕಲಿತ ವಿದ್ಯೆ ಮೊದಲು ತಲುಪಿದ್ದು ಆ ವಿಷಕ್ಕೆ ಬಲಿಯಾಗುವ ಮಕ್ಕಳನ್ನಲ್ಲ. ಅವರನ್ನು ಇವತ್ತಿಗೂ ಉಳಿಸುತ್ತಿರುವುದು ಸಕ್ಕರೆ-ಉಪ್ಪಿನ ದ್ರಾವಣವಾದ ಓಆರ್‌ಎಸ್: ವಿಷ ತಗುಲಿದ ಕರುಳೂ ಸಕ್ಕರೆಯ ಜೊತೆ ಉಪ್ಪನ್ನು, ಅದರ ಹಿಂದೆ ನೀರನ್ನು ಹೀರಿಕೊಳ್ಳಬಲ್ಲದು.

ಎಸ್‌ಟಿಯ ಜೀನನ್ನು ಪಿಸಿಆರ್‌ನಿಂದ ಪತ್ತೆ ಮಾಡಬಹುದು. ಕೋವಿಡ್ ಕಾಲದಲ್ಲಿ ಆ ಯಂತ್ರಗಳು ಜಿಲ್ಲೆಗಳಿಗೂ ಬಂದವು. ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ ಭೇದಿ ಹಬ್ಬಿದಾಗ ನೀರಿನ ಮಾದರಿಯ ಜೊತೆಗೆ ರೋಗಿಗಳ ಮಲದ ಮಾದರಿಯನ್ನೂ ಈ ಪರೀಕ್ಷೆಗೆ ಹಾಕಿಸಬೇಕು.